ಗೀಜಗದ ಕೊನೆಯ ಗರ

ಗೀಜಗ ಎಂಬ ಹಡಗು ಕಟ್ಟೆಯ ಹೊಸ್ತಿಲಿಗೆ ಬಂದಿದ್ದಾಗ ಸಾಮ್ರಾಟ್ ಎಂಬ ಇನ್ನೊಂದು ಹಡಗು ಬಂದು ಅದನ್ನು ತಳ್ಳಿತು. ತಳ್ಳುವ ಆಜ್ಞೆಯನ್ನು ಆಕಾಶಕ್ಕೆ ಕಳಿಸಿಕೊಟ್ಟವಳು ಇಂಚರಳೇ.

ಅದು ಅವಳ ಕೆಲಸ. ಚಿತ್ರದುರ್ಗದ ಹೊರಗೆ ಗಾಳಿಯಂತ್ರಗಳ ಗುಡ್ಡದ ಮೇಲೆ ಕಂಪನಿಯ ಆಂಟೆನಾ ನಿಂತಿತ್ತು. ಅದರ ಬುಡದ ಕೋಣೆಯಲ್ಲಿ ಅವಳ ಕುರ್ಚಿ. ಎದುರಿನ ಪರದೆಯ ಮೇಲೆ ಎರಡು ಸರದಿಗಳು. ಎಡಗಡೆಯದು ದುಡ್ಡು ಕೊಟ್ಟವರದು, ಚಿನ್ನದ ಬಣ್ಣ. ಬಲಗಡೆಯದು ಕೊಡದವರದು, ಬೂದಿಯ ಬಣ್ಣ. ಚಿನ್ನದ ಸರದಿ ಖಾಲಿಯಾದ ಮೇಲಷ್ಟೇ ಬೂದಿಯ ಸರದಿ ಚಲಿಸುತ್ತಿತ್ತು. ಆ ದಿನ ಬೂದಿಯ ಸರದಿಯ ತಲೆಯಲ್ಲಿ ಗೀಜಗದ ಆಜ್ಞೆ ಬೆಳಗಿನಿಂದ ಕಾದು ಕುಳಿತಿತ್ತು. ಸಾಮ್ರಾಟ್‌ನ ಆಜ್ಞೆ ಆಗತಾನೇ ಬಂದು ಮುಂದೆ ಹೋಯಿತು. ಇಂಚರ ಗುಂಡಿ ಒತ್ತಿದಳು. ಗೀಜಗ ಹಿಂದಕ್ಕೆ ತೇಲಿಹೋಯಿತು. ಅವಳು ಅದನ್ನು ದಾಖಲಿಸಿ ಚಹಾ ಕುಡಿದಳು.

‘ಗಗನಕೇಳಿ’ ಎಂಬ ಆ ಆಟದ ಹಡಗುಗಳು ಸುಳ್ಳಿನವಲ್ಲ. ಕಂಪನಿ ಊಟದ ಡಬ್ಬಿಯಷ್ಟು ದೊಡ್ಡ ಸಾವಿರಾರು ಹಡಗುಗಳನ್ನು ನಿಜವಾಗಿಯೇ ಭೂಮಿಯ ಸುತ್ತ, ಚಂದ್ರನಷ್ಟು ದೂರಕ್ಕೆ ಬಿಟ್ಟಿತ್ತು. ಜನ ಮನೆಯಲ್ಲಿ ಕೂತು ಮೊಬೈಲಿನಿಂದ ಅವನ್ನು ನಡೆಸುತ್ತಿದ್ದರು. ಪ್ರತಿ ಹಡಗಿನಲ್ಲೂ ಒಂದಿಷ್ಟು ಒತ್ತಿಟ್ಟ ಅನಿಲ. ಅದನ್ನು ಒಂದು ಕಡೆ ಊದಿದರೆ ಹಡಗು ಇನ್ನೊಂದು ಕಡೆ ಸರಿಯುತ್ತದೆ. ಮುಗಿದರೆ ಮುಗಿಯಿತು, ಅಲ್ಲಿ ತುಂಬಿಕೊಡುವವರಿಲ್ಲ. ಗುರಿ ಒಂದೇ. ಚಂದ್ರ ಓಡುವ ದಾರಿಯಲ್ಲೇ, ಚಂದ್ರನಿಂದ ಸಾಕಷ್ಟು ದೂರದಲ್ಲಿ, ಒಂದು ತಾವು ಇದೆ. ಭೂಮಿಯ ಎಳೆತ, ಚಂದ್ರನ ಎಳೆತ, ತಿರುಗುವ ವೇಗ ಮೂರೂ ಅಲ್ಲಿ ಒಪ್ಪಂದ ಮಾಡಿಕೊಂಡಿವೆ. ಅಲ್ಲಿ ಮೆಲ್ಲಗೆ ಇಟ್ಟ ವಸ್ತು ಅಲ್ಲೇ ಉಳಿಯುತ್ತದೆ. ಆಟದ ಮೊದಲ ನಿಯಮದ ಪ್ರಕಾರ ಅಲ್ಲಿಗೆ ತಲುಪಿ ನಿಂತ ಹಡಗನ್ನು ಯಾರೂ ತಳ್ಳುವ ಹಾಗಿಲ್ಲ, ಕಂಪನಿಯೂ ತೆಗೆಯುವ ಹಾಗಿಲ್ಲ. ಕಂಪನಿ ಆ ತಾವಿಗೆ ಏನೋ ಭಾರಿ ಹೆಸರು ಇಟ್ಟಿತ್ತು. ಇಂಚರಳ ಅತ್ತೆ ಹಾಲಮ್ಮ ಅದನ್ನು ಚೌಕಾಬಾರದ ಕಟ್ಟೆ ಎಂದರು. ಕಾಯಿ ಕಟ್ಟೆ ಹತ್ತಿದರೆ ಹೊಡೆಯುವಂತಿಲ್ಲವಲ್ಲ, ಹಾಗೆ. ಕ್ರಮೇಣ ಕನ್ನಡ ಬಲ್ಲ ಆಟಗಾರರೆಲ್ಲ ಕಟ್ಟೆ ಎನ್ನತೊಡಗಿದರು.

ಸಂಜೆ ಇಂಚರ ಮನೆಗೆ ಬಂದಾಗ ಹಾಲಮ್ಮ ಬಾಗಿಲಲ್ಲೇ ನಿಂತಿದ್ದರು. ಕೊರಳಲ್ಲಿ ಸೀಟಿ. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿದ್ದವರು. ನಿವೃತ್ತಿಯ ನಂತರ ಅವರು ಸೀರೆ ಉಡುವ ರೀತಿ ಬದಲಾಗಿತ್ತು, ಸೀಟಿ ಹೋಗಿರಲಿಲ್ಲ.

“ಫೌಲ್!” ಎಂದರು. “ಇದು ಅಪ್ಪಟ ಫೌಲ್ ಕಣೇ. ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ಹಾಕಿದ ಆಜ್ಞೆ ನಂದು. ಅವನ್ಯಾವನೋ ಮಧ್ಯಾಹ್ನ ಎದ್ದು ಬಂದು, ದುಡ್ಡು ಬಿಸಾಕಿ, ನನ್ನ ತಳ್ಳಿ ಹೋದ. ಒಂದು ವರ್ಷ ನೂಕಿಕೊಂಡು ಬಂದಿದ್ದೆ.”

“ನೋಡಿದೆ ಅತ್ತೆ.”

“ನೋಡಿದ್ಯಾ? ನೋಡಿ ಏನು ಮಾಡಿದೆ?”

“ಗುಂಡಿ ಒತ್ತಿದೆ.”

ಹಾಲಮ್ಮ ಸೊಸೆಯ ಮುಖ ನೋಡಿದರು. “ಕೈಕಾಲು ತೊಳ್ಕೊ. ಚಿತ್ರಾನ್ನ ಮಾಡಿದೀನಿ” ಎಂದರು.

ಗೀಜಗ ಹಾಲಮ್ಮನದಲ್ಲ, ಅವರ ಮಗ, ಇಂಚರಳ ಗಂಡ ತಿಪ್ಪೇಶನದು. ಆಟ ಶುರುವಾದ ವರ್ಷ ಲಾಟರಿಯಲ್ಲಿ ಅವನಿಗೆ ಬಂದದ್ದು. ಆಗ ಒಂದೇ ಸರದಿ ಇತ್ತು. ಮೊದಲು ಕೇಳಿದವನಿಗೆ ಮೊದಲು. ಬೀದಿಬೀದಿಯಲ್ಲಿ ಜನ ತಲೆಯೆತ್ತಿ ಚಂದ್ರನನ್ನು ನೋಡಿ ಜಗಳವಾಡುತ್ತಿದ್ದರು. ತಿಪ್ಪೇಶ ಗಾಳಿಯಂತ್ರಗಳನ್ನು ರಿಪೇರಿ ಮಾಡುವವನು. ಮೇಲಿನಿಂದ ಇಳಿದ ಕೂಡಲೇ ಇಂಚರಳಿಗೆ ಫೋನ್ ಮಾಡಿ, ಗೀಜಗ ಎಷ್ಟು ಸರಿಯಿತೆಂದು ಹೇಳುತ್ತಿದ್ದ. ಎರಡನೆಯ ವರ್ಷ ಕಂಪನಿ ‘ತಕ್ಷಣದ ಪಾಸು’ ಮಾರಲು ತೊಡಗಿತು. ಆಮೇಲೆ ಚಿನ್ನದ ಸರದಿ. ಆಮೇಲೆ ಪಾಸಿಲ್ಲದವರಿಗೆ ದಿನಕ್ಕೆ ಒಂದೇ ಆಜ್ಞೆ ಎಂಬ ನಿಯಮ. ಒಂದು ಆಜ್ಞೆಯಲ್ಲಿ ಹಡಗನ್ನು ತಿರುಗಿಸಬಹುದು, ಇಲ್ಲವೇ ಊದಬಹುದು. ಇವತ್ತು ತಿರುಗಿಸಿದರೆ ನಾಳೆ ಊದುವ ಹೊತ್ತಿಗೆ ಹಡಗಿನ ಮೂತಿ ಇನ್ನೆಲ್ಲೋ ಹೊರಳಿರುತ್ತದೆ. ಆಡಿದರೂ ಆಡಿದ ಹಾಗಲ್ಲ. ಬಹಳ ಜನ ಬೇಸತ್ತು ಬಿಟ್ಟರು. “ಆಕಾಶಕ್ಕೂ ಟಿಕೆಟ್ ಹಾಕಿದ್ರು” ಎಂದು ತಿಪ್ಪೇಶ ಅಂದಿದ್ದ. ಅದೇ ಮಳೆಗಾಲ ಡೆಂಗಿ ಬಂದು ತೀರಿಕೊಂಡ. ಹಾಲಮ್ಮ ಮಗನ ಮೊಬೈಲು ಕೈಗೆತ್ತಿಕೊಂಡರು. ಇಂಚರ ಭೌತಶಾಸ್ತ್ರದ ಎಂ.ಎಸ್ಸಿ. ಓದಿದ್ದಳು. ಆಂಟೆನಾ ಕೇಂದ್ರದಲ್ಲಿ ಕೆಲಸಕ್ಕೆ ಕರೆದಾಗ ಹೋದಳು. ಯಾಕೆ ಹೋದೆ ಎಂದು ಯಾರಾದರೂ ಕೇಳಿದ್ದರೆ ಬಸ್ಸು ನೇರ ಸಿಗುತ್ತದೆ ಎಂದು ಹೇಳುತ್ತಿದ್ದಳು.

ತಿಂಡಿ ತಿನ್ನುವಾಗ ಇಂಚರ ಇನ್ನೊಂದು ಸುದ್ದಿ ಹೇಳಬೇಕಾಯಿತು.

“ಅತ್ತೆ, ಕಂಪನಿ ಈ ಹಂತ ಮುಗಿಸ್ತಿದೆ. ಮುಂದಿನ ಅಮಾವಾಸ್ಯೆ ಆದಮೇಲೆ ಬರೋ ಹುಣ್ಣಿಮೆಗೆ. ಅಷ್ಟರಲ್ಲಿ ಕಟ್ಟೆ ಹತ್ತದ ಬೂದಿ ಹಡಗುಗಳನ್ನೆಲ್ಲ ಕೆಳಕ್ಕೆ ತಳ್ಳಿ ಸುಡ್ತಾರಂತೆ. ಜಾಗ ಬೇಕಂತೆ. ಪಾಸಿನವರಿಗೆ ಹೊಸ ಹಡಗು ಬಿಡ್ತಾರೆ.”

ಹಾಲಮ್ಮ ತಟ್ಟೆಯಲ್ಲಿ ಕಡಲೆಬೀಜ ಆರಿಸುತ್ತಾ ಕೂತರು. ಗೀಜಗದ ಮುಚ್ಚಳದ ಮೇಲೆ ನಾಯಕನ ಹೆಸರು ಕೊರೆದಿತ್ತು, ಕನ್ನಡದಲ್ಲೇ, ತಿಪ್ಪೇಶ ಎಂದು.

“ನಾನು ಬೇಕಾದ್ರೆ ಗೀಜಗದ ಆಜ್ಞೇನ ಚಿನ್ನದ ಸರದಿಗೆ ಹಾಕ್ತೀನಿ” ಎಂದಳು ಇಂಚರ. ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲೇ.” ಹಾಲಮ್ಮ ತಲೆ ಎತ್ತಿದರು. “ಮೂವತ್ತು ವರ್ಷ ಗೆರೆ ಎಳೆದು ಮಕ್ಕಳನ್ನ ಓಡಿಸಿದೀನಿ. ಗೆರೆ ತುಳಿದು ಗೆದ್ದ ಹುಡುಗಿಗೆ ಒಂದು ದಿನಾನೂ ಬಹುಮಾನದ ಕಪ್ಪು ಕೊಟ್ಟಿಲ್ಲ. ಇವತ್ತು ನನ್ನ ಮಗನ ಹಡಗು ಅಂತ ಗೆರೆ ತುಳೀಲಾ? ಬೇಡ. ನೀನು ನಿನ್ನ ಕೆಲಸ ಸರಿಯಾಗಿ ಮಾಡು. ನಾನು ನಂದು ಮಾಡ್ತೀನಿ.”

ಮರುದಿನ ಭಾನುವಾರ. ಹಾಲಮ್ಮ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ತಂದರು. “ತಲೆ ಓಡದಿದ್ರೆ ಕೈ ಓಡಿಸಬೇಕು. ಬಾ ಕೂತ್ಕೊ.”

ಇಂಚರ ಕೂತಳು. ಆಟ ಅರ್ಧ ಆಗುವಾಗ ಹಾಲಮ್ಮನ ಎರಡು ಕಾಯಿ ಒಂದೇ ಮನೆಯಲ್ಲಿ ಬಂದು ನಿಂತವು. ಇಂಚರ ಕವಡೆ ಎಸೆದಾಗ ಅವಳ ಒಂಟಿ ಕಾಯಿ ಅವನ್ನು ಹೊಡೆಯುವ ಗರ ಬಿತ್ತು. ಅವಳು ಕೈ ಚಾಚಿದಳು.

“ಏಯ್, ಗಟ್ಟಿ ಕಣೇ ಅದು!” ಹಾಲಮ್ಮ ಅವಳ ಕೈ ಮೇಲೆ ಹಗುರಾಗಿ ಹೊಡೆದರು. “ಎರಡು ಕಾಯಿ ಕೂಡಿದ್ರೆ ಗಟ್ಟಿ. ಗಟ್ಟೀನ ಒಂಟಿ ಕಾಯಿ ಹೊಡೆಯೋಕಾಗುತ್ತಾ? ಯಾವ ಊರ ಆಟ ಆಡ್ತೀಯ…”

ಮಾತು ಅಲ್ಲಿಗೇ ನಿಂತಿತು. ಅವರ ಕೈ ಇಂಚರಳ ಕೈ ಮೇಲೇ ಇತ್ತು.

“ಇಂಚರಾ, ಆ ಹಡಗಿನ ಮೂತೀಲಿ ಆಯಸ್ಕಾಂತ ಇದೆ ಅಂತಿದ್ದ ಅಲ್ವಾ ತಿಪ್ಪಿ?”

“ಇದೆ. ಮೊದಲನೇ ವರ್ಷ ಜೋಡಿಯಾಟ ಅಂತ ಏನೋ ಮಾಡೋಕೆ ಇಟ್ಟಿದ್ರು. ಆಮೇಲೆ ಕೈಬಿಟ್ಟರು.”

“ಎರಡು ಹಡಗು ಮೂತಿಗೆ ಮೂತಿ ಕಚ್ಕೊಂಡ್ರೆ, ದಿನಕ್ಕೆ ಎಷ್ಟು ಆಜ್ಞೆ?”

ಇಂಚರ ನೆಲದ ಮೇಲಿನ ಜೋಡಿ ಕಾಯಿ ನೋಡಿದಳು. “ಹಡಗಿಗೆ ಒಂದು. ಎರಡು ಹಡಗಿಗೆ ಎರಡು.”

“ಒಬ್ಬರು ತಿರುಗಿಸೋದು, ಒಬ್ಬರು ಊದೋದು!” ಹಾಲಮ್ಮ ಸೀಟಿ ಊದಿಯೇಬಿಟ್ಟರು. ಪಕ್ಕದ ಮನೆಯ ನಾಯಿ ಬೊಗಳಿತು.

ಜೊತೆಗಾರ ಸಿಕ್ಕಿದ್ದು ಸಿಂಧನೂರಿನ ಯಂಕೋಬ. ಅಕ್ಕಿ ಲಾರಿ ಓಡಿಸುವವನು. ಅವನ ಹಡಗು ‘ಬುಗುರಿ’ ಕೂಡ ತಳ್ಳಿಸಿಕೊಂಡು ಗೀಜಗದ ಆಸುಪಾಸಿನಲ್ಲೇ ತೇಲುತ್ತಿತ್ತು. ಆಟದ ಹರಟೆಕಟ್ಟೆಯಲ್ಲಿ ಅವನೂ ಹಾಲಮ್ಮನೂ ಕಂಪನಿಯನ್ನು ಒಟ್ಟಿಗೆ ಬೈದು ಪರಿಚಯವಾಗಿದ್ದವರು. ಹಾಲಮ್ಮ ಫೋನ್ ಮಾಡಿದರು.

“ಟೀಚರ್ರೀ, ನಾ ಇಲ್ಲೇ ಟೋಲಿನ ಲೈನಿನ್ಯಾಗ ನಿಂತೀನ್ರಿ” ಎಂದ. “ನನ್ನ ಜಲ್ಮೆಲ್ಲಾ ಲೈನಿನ್ಯಾಗ ಹೋತು. ಭೂಮಿ ಮ್ಯಾಲೂ ಲೈನು, ಆಕಾಶದಾಗೂ ಲೈನು. ಏನ್ ಹೇಳ್ರಿ.”

“ಗಟ್ಟಿ ಕಟ್ಟೋಣ ಅಂತ.”

ಹಾಲಮ್ಮ ಹಾರ್ನುಗಳ ಸದ್ದಿನ ನಡುವೆಯೇ ಎಲ್ಲವನ್ನೂ ವಿವರಿಸಿದರು. ಆಮೇಲೆ ಯಂಕೋಬ, “ಟೀಚರ್ರೀ, ನೀವು ನಮ್ಮ ಸಾಲ್ಯಾಗ ಇದ್ದಿದ್ರ ನಾ ಪಾಸ್ ಆಗತಿದ್ನಿ ನೋಡ್ರಿ” ಎಂದ.

ಎರಡು ಡಬ್ಬಿಗಳು ಒಂದನ್ನೊಂದು ಮುಟ್ಟಲು ವಾರ ಹಿಡಿಯಿತು. ಕೊನೆಗೆ ಆಯಸ್ಕಾಂತಗಳು ಕಚ್ಚಿಕೊಂಡವು. ಅಂದು ಮೊದಲ ಗಟ್ಟಿ ಆಜ್ಞೆ. ಬುಗುರಿ ತಿರುಗಿಸಬೇಕು, ಗೀಜಗ ಊದಬೇಕು. ಕಟ್ಟೆ ಮುಂದಿದೆ, ಆದ್ದರಿಂದ ಮುಂದಕ್ಕೆ ಹೋಗುವ ಹಾಗೆ ಊದಬೇಕು.

“ಎಡಕ್ಕೆ ತಿರುಗಿಸಿ” ಎಂದರು ಹಾಲಮ್ಮ ಫೋನಿನಲ್ಲಿ.

ಎಡವಟ್ಟು ಆದದ್ದು ಅಲ್ಲಿಯೇ. ಡ್ರಿಲ್ ಟೀಚರು ಮಕ್ಕಳಿಗೆ ಎದುರು ನಿಂತು ಹೇಳಿಕೊಡುವವರು. ಮಕ್ಕಳ ಎಡಗೈ ಎತ್ತಿಸಬೇಕಾದರೆ “ಎಡ” ಎಂದು ಹೇಳಿ ತಾವು ಬಲಗೈ ಎತ್ತುತ್ತಾರೆ. ಆ ಅಭ್ಯಾಸ ಅವರ ಮೈಗೆ ಹತ್ತಿತ್ತು. ಎರಡು ಹಡಗೂ ಮೂತಿಗೆ ಮೂತಿ ಕೊಟ್ಟು ನಿಂತಿವೆ, ತಮ್ಮ ಬಲ ಯಂಕೋಬನಿಗೆ ಎಡ ಎಂದು ಲೆಕ್ಕ ಹಾಕಿ, ಅವನ ಪರವಾಗಿ ತಾವೇ ಬಲವನ್ನು ಎಡ ಮಾಡಿ ಹೇಳಿದ್ದರು. ಯಂಕೋಬನೂ ದಡ್ಡನಲ್ಲ. ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಎದುರು ನಿಂತು ಎಡ ಅಂದರೆ ತನಗೆ ಬಲ ಎಂಬುದು ಅವನಿಗೆ ರಕ್ತದಲ್ಲಿತ್ತು. ಅವನೂ ಆ ಎಡವನ್ನು ಬಲ ಮಾಡಿಕೊಂಡ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡಿ ಹಡಗಿನ ಮೂತಿ ಪೂರಾ ಉಲ್ಟಾ ಆಯಿತು. ಗೀಜಗ ಊದಿತು. ಗಟ್ಟಿಯಾಗಿದ್ದ ಜೋಡಿ ಕಟ್ಟೆಯ ಕಡೆ ಹೋಗುವ ಬದಲು ಹಿಂದಕ್ಕೆ ಬಿತ್ತು.

ಹಾಲಮ್ಮ ಆ ದಿನ ಊಟ ಮಾಡಲಿಲ್ಲ. ಹರಟೆಕಟ್ಟೆಯಲ್ಲಿ ಪಾಸಿನವರು ನಕ್ಕು ನಲಿದರು. ಸಾಮ್ರಾಟ್ ಹಡಗಿನವನು, “ಅಜ್ಜಿ ರಿವರ್ಸ್ ಗೇರ್ ಹಾಕಿದ್ದಾರೆ, ಸೈಡ್ ಬಿಡಿ” ಎಂದು ಬರೆದ. ಮತ್ತೆ ತಪ್ಪೀತೆಂದು ಇಬ್ಬರೂ ಹೊಸ ಆಜ್ಞೆ ಹಾಕಲು ಹೆದರಿದರು. ಮುಂದಿನ ದಿನ ಗಟ್ಟಿ ಇನ್ನಷ್ಟು ಹಿಂದೆ ಬಿತ್ತು. ಅದರ ಮುಂದಿನ ದಿನ ಇನ್ನೂ ಹಿಂದೆ.

ನಾಲ್ಕನೆಯ ದಿನ ಕೇಂದ್ರದಲ್ಲಿ ಇಂಚರ ಪರದೆ ನೋಡುತ್ತಿದ್ದಳು. ಗಟ್ಟಿಯ ದೂರದ ಅಂಕಿ ಬೆಳೆಯುವುದು ನಿಂತಿತ್ತು. ಅವಳು ಅದನ್ನು ಎರಡು ಬಾರಿ ನೋಡಿದಳು. ಊಟದ ಹೊತ್ತಿಗೆ ಅಂಕಿ ಕೂದಲೆಳೆಯಷ್ಟು ಕಡಿಮೆಯಾಗಿತ್ತು.

ಅವಳೊಳಗೆ ಎಲ್ಲೋ ಒಂದು ಕಿಟಕಿ ಕಿರ್ರೆಂದಿತು. ಚಹಾದ ಕಾಗದದ ಲೋಟವನ್ನು ಹರಿದು ಬಿಡಿಸಿ, ಅದರ ಒಳಮೈ ಮೇಲೆ ವೃತ್ತ ಬರೆದಳು. ವೃತ್ತದ ಒಳಗೆ, ಒಂದು ಕಡೆ ಅದಕ್ಕೆ ತಗಲುವ ಹಾಗೆ, ಸ್ವಲ್ಪ ಚಿಕ್ಕ ಮೊಟ್ಟೆಯಾಕಾರ ಬರೆದಳು. ಎಂ.ಎಸ್ಸಿ.ಯ ಮೊದಲ ವರ್ಷ ಇದನ್ನೇ ಬೋರ್ಡಿನ ಮೇಲೆ ಬಿಡಿಸಿ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು. ಭೂಮಿಯನ್ನು ಸುತ್ತುವ ವಸ್ತು ವೇಗ ಕಳೆದುಕೊಂಡರೆ ಒಳಗಿನ ಚಿಕ್ಕ ದಾರಿಗೆ ಇಳಿಯುತ್ತದೆ. ಚಿಕ್ಕ ದಾರಿಯ ಸುತ್ತು ಬೇಗ ಮುಗಿಯುತ್ತದೆ. ಮುಂದೆ ಹೋಗುತ್ತಿರುವವರನ್ನು ಹಿಡಿಯಬೇಕಾದರೆ ನಿಧಾನ ಮಾಡಬೇಕು. ಮುಂದಕ್ಕೆ ಊದಿದವರು ದೊಡ್ಡ ದಾರಿಗೆ ಏರಿ ಹಿಂದೆ ಬೀಳುತ್ತಾರೆ, ಗಾಬರಿಯಾಗಿ ಇನ್ನಷ್ಟು ಊದುತ್ತಾರೆ. ದುಡ್ಡು ಕೊಟ್ಟವರ ತಕ್ಷಣದ ಗುಂಡಿ ಮಾಡುತ್ತಿದ್ದುದು ಅದನ್ನೇ. ಇಷ್ಟು ದಿನ ಆ ಆಜ್ಞೆಯ ಸಾಲುಗಳನ್ನು ಅವಳೇ ಕಳಿಸಿದ್ದಳು, ಕಣ್ಣಿಟ್ಟು ನೋಡಿರಲಿಲ್ಲ.

ಕ್ಯಾಂಟೀನಿನ ಹೊರಗೆ ಗಾಳಿಗೆ ನಿಂತು ಮನೆಗೆ ಫೋನ್ ಮಾಡಿದಳು.

“ಅತ್ತೆ, ಇವತ್ತಿನ ಆಜ್ಞೆ ಹಾಕಿದ್ರಾ?”

“ಹಾಕೋಕೆ ಹೊರಟೆ. ಆ ತಪ್ಪು ಸರಿ ಮಾಡಬೇಕಲ್ಲ, ಮುಂದಕ್ಕೆ ಊದಿ…”

“ಊದಬೇಡಿ!” ಅವಳ ಧ್ವನಿಗೆ ಅವಳೇ ಬೆಚ್ಚಿದಳು. “ಏನೂ ಮಾಡಬೇಡಿ. ಸರಿ ಮಾಡಬೇಡಿ. ಅದು ತಪ್ಪಲ್ಲ. ನೀವಿಬ್ಬರೂ ತಪ್ಪಿ ಸರಿಯಾಗಿ ಊದಿದೀರಿ. ಹಿಂದೆ ಬಿದ್ದ ಹಾಗೆ ಕಾಣೋದು ಮೊದಲ ಕೆಲವು ದಿನ ಅಷ್ಟೇ. ಚಂದ್ರ ಒಂದು ಸುತ್ತು ಬರೋ ಹೊತ್ತಿಗೆ ಗಟ್ಟಿ ಊದಿದ ಜಾಗಕ್ಕೇ ವಾಪಸ್ ಬರುತ್ತೆ, ಆಗ ಕಟ್ಟೆ ಅಲ್ಲೇ ಕಾಲ ಬುಡದಲ್ಲಿ ಇರುತ್ತೆ. ಅವತ್ತು ಮುಂದಕ್ಕೆ ಒಂದು ಊದು, ಮೊದಲ ದಿನ ಎಷ್ಟು ಊದಿದ್ರೋ ಸರಿ ಅಷ್ಟೇ. ನಿಂತುಬಿಡುತ್ತೆ.”

ಹಾಲಮ್ಮ ಮೊದಲು ಕೇಳಿದ್ದು ನಿಯಮದ ಮಾತು.

“ಇದು ಒಳಗಿನ ಸುದ್ದಿ ಅಲ್ಲ ತಾನೆ? ಫೌಲ್ ಅಲ್ಲ ತಾನೆ?”

“ಪಠ್ಯಪುಸ್ತಕದಲ್ಲಿದೆ ಅತ್ತೆ. ಯಾರು ಬೇಕಾದ್ರೂ ಓದಬಹುದು.”

“ಹಾಗಾದ್ರೆ ಸರಿ.” ಆಮೇಲೆ ಮೆಲ್ಲಗೆ, “ಎಷ್ಟು ದಿನ ಆಯ್ತೇ ನೀನು ಇಷ್ಟು ಮಾತಾಡಿ” ಎಂದರು.

ಆಮೇಲಿನದು ಕಾಯುವ ಕೆಲಸ. ಅದು ಅವರಿಗೆ ಗೊತ್ತಿತ್ತು. ಯಂಕೋಬ ಟೋಲುಗಳಿಂದ ಫೋನ್ ಮಾಡಿ, “ಟೀಚರ್ರೀ, ಏನೂ ಮಾಡ್ಲಿಲ್ರಿ ಇವತ್ತೂ” ಎಂದು ವರದಿ ಒಪ್ಪಿಸುತ್ತಿದ್ದ. “ಶಭಾಷ್, ನಾನೂ ಮಾಡಲಿಲ್ಲ” ಎನ್ನುತ್ತಿದ್ದರು ಹಾಲಮ್ಮ. ಗಟ್ಟಿ ದಿನೇದಿನೇ ಕಟ್ಟೆಯ ಹತ್ತಿರ ಸರಿಯಿತು. ಹರಟೆಕಟ್ಟೆಯಲ್ಲಿ ನಗುವುದು ಕಡಿಮೆಯಾಯಿತು. ಹಾಲಮ್ಮ ಎಲ್ಲವನ್ನೂ ಅಲ್ಲಿ ಬಿಚ್ಚಿ ಬರೆದರು. ಗಟ್ಟಿ ಹೇಗೆ ಕಟ್ಟುವುದು, ಎದುರುಬದುರು ಎಡಬಲ ಹೇಗೆ ಹೇಳಿಕೊಳ್ಳುವುದು, ಯಾವಾಗ ಕೈ ಕಟ್ಟಿ ಕೂರುವುದು. ಗುಟ್ಟು ಮಾಡಿದರೆ ಆಟವಲ್ಲ ಎಂದರು. ಇಂಚರಳ ಪರದೆಯ ಬೂದಿ ಸರದಿಯಲ್ಲಿ ಆಜ್ಞೆಗಳು ಜೋಡಿಜೋಡಿಯಾಗಿ ಬರತೊಡಗಿದವು.

ಕೊನೆಯ ವಾರ ಸಾಮ್ರಾಟ್ ಹಡಗಿನವನು ಮತ್ತೆ ಬಂದ. ಚಿನ್ನದ ಸರದಿಯಲ್ಲಿ ‘ತಳ್ಳು’ ಎಂಬ ಅವನ ಆಜ್ಞೆ ಕಂಡಿತು. ಇಂಚರ ಅದನ್ನು ಅದರ ಸರದಿಯಲ್ಲೇ ಕಳಿಸಿದಳು. ಈ ಸಲ ಚಹಾಕ್ಕೆ ಏಳಲಿಲ್ಲ, ಪರದೆಯನ್ನೇ ನೋಡುತ್ತಾ ಕೂತಳು. ಅವಳ ಮೇಲಧಿಕಾರಿ ಮನ್ಸೂರ್ ಹಿಂದೆ ಬಂದು ನಿಂತ. ದಪ್ಪ ಕನ್ನಡಕದ ಸಾವಧಾನದ ಮನುಷ್ಯ.

ಒಂಟಿ ಡಬ್ಬಿ ಬಂದು ಜೋಡಿ ಡಬ್ಬಿಗೆ ಬಡಿಯಿತು. ಜೋಡಿ ಸ್ವಲ್ಪ ಅಲುಗಿತು. ಸಾಮ್ರಾಟ್ ಬಂದ ದಾರಿಗೆ ಎಗರಿ, ಹೊರಳಾಡುತ್ತಾ ದೂರ ಹೋಯಿತು.

“ಅರೆ!” ಎಂದ ಮನ್ಸೂರ್. “ಗೋಡೆಗೆ ಚೆಂಡು ಹೊಡೆದ ಹಾಗಾಯ್ತಲ್ಲ ಮೇಡಂ.”

“ಗಟ್ಟಿ” ಎಂದಳು ಇಂಚರ. “ಒಂಟಿ ಕಾಯಿ ಹೊಡೆಯೋಕಾಗಲ್ಲ.”

ಸಾಮ್ರಾಟ್ ಹಡಗಿನವನು ಸಿಟ್ಟಿನಿಂದ ಊದಿದ, ಸರಿ ಮಾಡಲು ಮತ್ತೆ ಊದಿದ, ನೇರ ಕಟ್ಟೆಗೇ ಮೂತಿ ಇಟ್ಟು ಇನ್ನೊಮ್ಮೆ ಊದಿದ. ತಕ್ಷಣದ ಪಾಸು, ಒಂದೊಂದು ಊದೂ ತಕ್ಷಣವೇ ಹೋಯಿತು. ಎರಡು ದಿನದ ನಂತರ ಅವನ ಹಡಗು ಎಲ್ಲರಿಗಿಂತ ಮೊದಲು ಕಟ್ಟೆ ಮುಟ್ಟಿತು. ಮುಟ್ಟಿ, ನಿಲ್ದಾಣದಲ್ಲಿ ನಿಲ್ಲಿಸದ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ದಾಟಿ ಹೋಯಿತು. ಬ್ರೇಕಿಗೆ ಅನಿಲ ಉಳಿದಿರಲಿಲ್ಲ. ಅದನ್ನು ಯಾವ ಪಾಸಿನಲ್ಲೂ ಮಾರುತ್ತಿರಲಿಲ್ಲ.

“ಒಂದು ಬೇಕಾದಾಗ ಬಾರ ಬಿದ್ರೆ ಏನು ಪ್ರಯೋಜನ” ಎಂದರು ಹಾಲಮ್ಮ ಮನೆಯಲ್ಲಿ, ಪಾಪ ಎನ್ನುವ ಧ್ವನಿಯಲ್ಲಿ. “ಎಂಟು ಮನೆ ನಡೆಯೋಕೆ ಜಾಗ ಎಲ್ಲಿದೆ? ಕಾಯಿ ಗುರಿ ಮುಟ್ಟಿ ಹಣ್ಣಾಗೋಕೆ ಸರಿಯಾದ ಗರವೇ ಬೀಳಬೇಕು.”

ಆ ಗರದ ದಿನ ಬಂತು. ಮಧ್ಯಾಹ್ನ ದಾಟಿತ್ತು. ಕಟ್ಟೆ ಗುಡ್ಡದ ಅಂಚಿನಿಂದ ಮೇಲೇರುವುದನ್ನು ಆಂಟೆನಾ ಕಾಯುತ್ತಿತ್ತು. ಆಂಟೆನಾಗೆ ಕಟ್ಟೆ ಕಂಡ ಮೇಲೆಯೇ ಆಜ್ಞೆಗಳ ಬಾಗಿಲು ತೆರೆಯುವುದು. ಬೂದಿ ಸರದಿಯ ತಲೆಯಲ್ಲಿ ಎರಡು ಸಾಲು ಇದ್ದವು. ಬುಗುರಿ: ತಿರುಗಿಸು. ಗೀಜಗ: ಊದು. ಇವತ್ತು ತಪ್ಪಿದರೆ ಜೋಡಿ ಕಟ್ಟೆ ದಾಟಿ ಸರಿದುಹೋಗುತ್ತದೆ. ಮತ್ತೊಂದು ಸುತ್ತಿಗೆ ಸಮಯವಿಲ್ಲ.

ಮೇಜಿನ ಫೋನು ಹೊಡೆದುಕೊಂಡಿತು. ಮನ್ಸೂರ್ ಎತ್ತಿದ. ಮುಖ್ಯ ಕಚೇರಿ.

“ಹೌದು ಸರ್. ಜೋಡಿ ಹಡಗುಗಳು, ಹೌದು ಸರ್. ಎರಡನ್ನೂ ಒಂದೇ ಅಂತ ಲೆಕ್ಕ ಹಾಕಬೇಕಾ? ಒಂದೇ ಆಜ್ಞೆನಾ?” ಮನ್ಸೂರ್ ಇಂಚರಳ ಕಡೆ ನೋಡಿದ. ಅವಳು ಪರದೆಯನ್ನೇ ನೋಡುತ್ತಿದ್ದಳು. ಬೆನ್ನು ನೆಟ್ಟಗಾಗಿತ್ತು. “ಆಗಲಿ ಸರ್, ಖಂಡಿತ ಮಾಡೋಣ. ನಿಯಮದಲ್ಲಿ ಹಡಗಿಗೆ ಒಂದು ಆಜ್ಞೆ ಅಂತಿದೆ ಸರ್, ಇದು ತಿದ್ದುಪಡಿ ಆಗುತ್ತೆ. ರೈಟಿಂಗ್‌ನಲ್ಲಿ ಕೊಟ್ಟುಬಿಡಿ ಸರ್. ಇಲ್ಲ ಸರ್, ಬಾಯಿಮಾತಲ್ಲಿ ಮಾಡಿದ್ರೆ ನಾಳೆ ಆಡಿಟ್‌ನವರು ನನ್ನ ಕೇಳ್ತಾರೆ. ಸಹಿ ಇರಲಿ ಸರ್. ಸೀಲೂ ಇದ್ರೆ ಒಳ್ಳೇದು.”

ಅವನು ಫೋನು ಇಟ್ಟು ಕನ್ನಡಕ ಒರೆಸಿಕೊಂಡ. “ಸೀಲು ಹುಡುಕ್ತಾರೆ ಈಗ. ಆ ಸೀಲು ಯಾರ ಹತ್ರ ಇರುತ್ತೋ ಆ ಮನುಷ್ಯ ಯಾವಾಗ್ಲೂ ಊಟಕ್ಕೆ ಹೋಗಿರ್ತಾನೆ” ಎಂದ. “ನಿಮ್ಮ ಕೆಲಸ ಮಾಡಿ ಮೇಡಂ. ಸರದಿ ಪ್ರಕಾರ.”

ಬಾಗಿಲು ತೆರೆಯಿತು. ಚಿನ್ನದ ಸರದಿ ಮೊದಲು. ಇಂಚರ ಒಂದೊಂದನ್ನೂ ಕಳಿಸಿದಳು, ಒಂದನ್ನೂ ತಡೆಯಲಿಲ್ಲ, ಹಿಂದೆ ಹಾಕಲಿಲ್ಲ. ಆ ದಿನ ಅದು ಚಿಕ್ಕದಿತ್ತು. ಪಾಸಿನವರ ಹಡಗುಗಳಲ್ಲಿ ಊದಲು ಉಳಿದದ್ದೇ ಕಡಿಮೆ. ಆಮೇಲೆ ಬೂದಿ. ಬುಗುರಿಯ ಸಾಲು ಹೋಯಿತು. ಜೋಡಿ ತಿರುಗಿತು, ನಿಂತಿತು. ಇಂಚರ ಗೀಜಗದ ಸಾಲಿನ ಮೇಲೆ ಬೆರಳಿಟ್ಟಳು.

ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಅವಳಿಗೆ ತಿಪ್ಪೇಶ ಗಾಳಿಯಂತ್ರದಿಂದ ಇಳಿದು ಫೋನ್ ಮಾಡುವಾಗ ಮೊದಲು ಕೇಳಿಸುತ್ತಿದ್ದ ಏದುಸಿರು ನೆನಪಾಯಿತು. ಅಷ್ಟೆ. ಅದು ನೆನಪಾದದ್ದು ಬಹಳ ದಿನಗಳ ನಂತರ.

ಗಟ್ಟಿಯ ವೇಗದ ಅಂಕಿ ಇಳಿಯಿತು, ಇನ್ನೂ ಇಳಿಯಿತು, ಸೊನ್ನೆಯ ಮೇಲೆ ಕೂತಿತು. ಅದರ ಪಕ್ಕದಲ್ಲಿ ಯಂತ್ರ ತಾನಾಗಿಯೇ ಬರೆಯಿತು: ನೆಲೆಸಿದೆ. ತೆಗೆಯುವಂತಿಲ್ಲ.

“ಹಣ್ಣು!” ಎಂದು ಕೂಗಿದಳು ಇಂಚರ.

ಕುರ್ಚಿ ಹಿಂದಕ್ಕೆ ಉರುಳಿತ್ತು, ಅವಳು ನಿಂತಿದ್ದಳು. ಕೋಣೆಯವರೆಲ್ಲ ತಿರುಗಿ ನೋಡಿದರು. ಅವಳಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನ್ಸೂರ್ ಚಪ್ಪಾಳೆ ತಟ್ಟಿದ. ಅವಳು ಕುರ್ಚಿ ಎತ್ತಿ ನಿಲ್ಲಿಸಿ, ಕೂತು, ಮುಂದಿನ ಜೋಡಿಯ ಸಾಲು ಕಳಿಸಿದಳು. ಅದರ ಮುಂದಿನದು. ಅದರ ಮುಂದಿನದು. ಬೂದಿ ಸರದಿಯ ಹೆಸರುಗಳು ಒಂದರ ಹಿಂದೆ ಒಂದು ಕಟ್ಟೆ ಹತ್ತಿ ಕೂತವು. ಸೀಲು ಹಾಕಿದ ಕಾಗದ ಬಂದಾಗ ಬಾಗಿಲು ಮುಚ್ಚುವ ಹೊತ್ತಾಗಿತ್ತು. ಮನ್ಸೂರ್ ಅದನ್ನು ಗೌರವದಿಂದ ಕಡತಕ್ಕೆ ಸೇರಿಸಿದ.

ಸಂಜೆ ಹಾಲಮ್ಮ ಬಾಗಿಲಲ್ಲಿರಲಿಲ್ಲ. ತಾರಸಿಯ ಮೇಲಿದ್ದರು. ಫೋನಿನಲ್ಲಿ ಯಂಕೋಬ ಕೂಗುತ್ತಿದ್ದ. “ಟೀಚರ್ರೀ! ಟೋಲಿನ್ಯಾಗ ಎಲ್ಲಾರಿಗೂ ಪೇಢೆ ಹಂಚಾಕತ್ತೀನ್ರಿ! ಹಿಂದಿನ ಗಾಡ್ಯಾವ್ರು ಹಾರ್ನ್ ಹೊಡ್ಯಾಕತ್ತಾರ, ಹೊಡೀಲಿ ಬಿಡ್ರಿ, ಇವತ್ತೊಂದಿನ ಅವ್ರು ಕಾಯ್ಲಿ!”

ಅರ್ಧ ಚಂದ್ರ ನೆತ್ತಿಯಿಂದ ಸ್ವಲ್ಪ ಇಳಿದಿದ್ದ. ಇಂಚರ ಅತ್ತೆಯ ಪಕ್ಕ ನಿಂತು ಅವರ ಕೈ ಹಿಡಿದು ಮೂಡಣದ ಕಡೆ ಚಾಚಿಸಿದಳು. ನೀರಿನ ಟ್ಯಾಂಕಿನ ಮೇಲೆ, ಏನೂ ಕಾಣದ ಕತ್ತಲಾಗುತ್ತಿದ್ದ ಆಕಾಶದ ಕಡೆ.

“ಅಲ್ಲಿ ಅತ್ತೆ. ಚಂದ್ರ ಹೋದ ದಾರಿಯಲ್ಲೇ, ಅವನ ಹಿಂದೆ.”

“ಕಾಣಲ್ಲ ಅಲ್ವಾ?”

“ಕಾಣಲ್ಲ. ಇರುತ್ತೆ.”

ಹಾಲಮ್ಮ ಬಹಳ ಹೊತ್ತು ಆ ಕಡೆ ನೋಡಿದರು. ಆಮೇಲೆ ಕೊರಳಿನ ಸೀಟಿ ತೆಗೆದು ಸೊಸೆಯ ಕೈಗಿಟ್ಟರು. “ಊದು. ಆಟ ಮುಗಿದಾಗ ಊದಬೇಕು.”

ಇಂಚರ ಊದಿದಳು. ಉದ್ದವಾಗಿ, ಎದೆಯ ಗಾಳಿಯೆಲ್ಲ ಮುಗಿಯುವ ತನಕ. ಪಕ್ಕದ ಮನೆಯ ನಾಯಿ ಬೊಗಳಿತು. ಆ ಮನೆಯ ಕಿಟಕಿಯಿಂದ ಯಾರೋ, “ಏನ್ರೀ ಟೀಚರಮ್ಮ, ಈ ಹೊತ್ತಲ್ಲಿ ಡ್ರಿಲ್ಲಾ?” ಎಂದು ಕೂಗಿದರು.

“ನಾನಲ್ಲ, ನನ್ನ ಸೊಸೆ!” ಎಂದು ಹಾಲಮ್ಮ ಅಷ್ಟೇ ಜೋರಾಗಿ ಕೂಗಿ ಹೇಳಿದರು. “ನಮ್ಮ ತಿಪ್ಪಿ ಹಣ್ಣಾದ!”